ಹೊರಟ ಸಮಯದ ಕಲಂ

ಏಪ್ರಿಲ್ ೩, ಸೋಮವಾರ

ಇದನ್ನು ದಿನಚರಿ ಎನ್ನಲು ನನಗೇ ನಗು ಬರುತ್ತದೆ. ಇದು ಸಂದರ್ಶಕರ ರಿಜಿಸ್ಟರ್. ನಾನೇ ಹೊಲಿದು, ನಾನೇ ರಟ್ಟು ಹಾಕಿ, ನಾನೇ ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ್ದು. ಪುಟಕ್ಕೆ ಆರು ಕಲಂ: ಕ್ರಮ ಸಂಖ್ಯೆ, ಹೆಸರು, ಬಂದ ಸಮಯ, ಉದ್ದೇಶ, ಹೊರಟ ಸಮಯ, ಷರಾ. ಇಂಥವು ನಾನೂರು ಪುಸ್ತಕ ಆರು ವರ್ಷದಿಂದ ನನ್ನ ಬೈಂಡಿಂಗ್ ಕೋಣೆಯ ಗೋಡೆಗೆ ಒರಗಿ ಕೂತಿವೆ. ಆರ್ಡರ್ ಕೊಟ್ಟ ಕಚೇರಿ ಎಲ್ಲವನ್ನೂ ಕಂಪ್ಯೂಟರ್ ಪರದೆಗೆ ಏರಿಸಿ, ‘ಇನ್ನು ಮುಂದೆ ರಿಜಿಸ್ಟರ್‌ಗಳ ಅಗತ್ಯವಿರುವುದಿಲ್ಲ’ ಎಂದು ಒಂದೇ ಸಾಲಿನ ಪತ್ರ ಕಳಿಸಿತು. ಸಹಿ ಹಾಕಿದವಳು ನನ್ನ ಒಡಹುಟ್ಟಿದ ತಂಗಿ. ಅವಳಿರುವುದು ಇದೇ ಹದಿನೇಳನೇ ನಂಬರಿನ ಮನೆಯಲ್ಲಿ, ನನ್ನ ತಲೆಯ ಮೇಲಿನ ಅಂತಸ್ತಿನಲ್ಲಿ. ಹದಿನೆಂಟು ಮೆಟ್ಟಿಲು ಇಳಿದು ಬಂದು ಬಾಯಲ್ಲಿ ಹೇಳಬಹುದಾದದ್ದನ್ನು ಅಂಚೆಯಲ್ಲಿ ಕಳಿಸಿದಳು. ಅವತ್ತಿನಿಂದ ನಮಗೆ ಮಾತಿಲ್ಲ.

ಮರುವರ್ಷವೇ ಅದೇ ಪರದೆ ಅವಳ ಕುರ್ಚಿಯನ್ನೂ ನುಂಗಿತು. ನಾನು ಮೇಲೆ ಹೋಗಿ ಎರಡು ಒಳ್ಳೆ ಮಾತಾಡಬಹುದಿತ್ತು. ಹೋಗಲಿಲ್ಲ. ‘ಅನ್ವಯಿಸದ ಕಲಂ ಖಾಲಿ ಬಿಡಬಾರದು, ಗೆರೆ ಎಳೀಬೇಕು’ ಎಂದು ಮೂವತ್ತು ವರ್ಷ ಎಲ್ಲರ ತಲೆ ತಿಂದವಳ ಹೆಸರಿನ ಮೇಲೇ ಗೆರೆ ಬಿತ್ತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ ಕೂಡ. ಷರಾ ಕಲಂ ಅಗಲವಾಗಿದೆ, ಇಂಥದ್ದನ್ನೆಲ್ಲ ಬರೆಯಲು ಜಾಗ ಸಾಕಷ್ಟಿದೆ.

ಇವತ್ತು ಯಾಕೆ ಶುರು ಮಾಡಿದೆ ಎಂದರೆ, ಯಾರನ್ನಾದರೂ ಬೈಯಬೇಕಾಗಿದೆ, ಎದುರಿಗೆ ಯಾರೂ ಇಲ್ಲ. ಈ ವರ್ಷ ಊರಿಗೆ ಹೊಸ ಕಾನೂನು. ಹನ್ನೆರಡಕ್ಕೆ ಸೈರನ್ ಕೂಗಿದರೆ ನಾಲ್ಕರವರೆಗೆ ಬಿಸಿಲಿನಲ್ಲಿ ಒಂದು ನರಪಿಳ್ಳೆಯೂ ಇರುವಂತಿಲ್ಲ. ಮನೆ ದೂರವಿದ್ದವರು, ಮನೆಯೇ ಒಲೆಯಾದವರು, ವಾರ್ಡಿನ ಆ್ಯಪ್ ತೋರಿಸಿದ ‘ತಂಪುಕೋಣೆ’ಗೆ ಹೋಗಿ ಕೂರಬೇಕು. ಹೋದ ತಿಂಗಳು ವಾರ್ಡಿನವರು ಥರ್ಮಾಮೀಟರ್ ಹಿಡಿದು ಬಂದಾಗ ನಾನು ಸುಮ್ಮನಿರಬಾರದಿತ್ತೇ? “ಹೊರಗೆ ನಲವತ್ನಾಲ್ಕು ಇದ್ರೂ ನನ್ನ ಕೋಣೆ ಇಪ್ಪತ್ತೆಂಟು ದಾಟಲ್ಲ, ಬೇಕಾದ್ರೆ ನೋಡ್ಕೊಳ್ಳಿ” ಎಂದು ಎದೆಯುಬ್ಬಿಸಿದೆ. ನೋಡಿಕೊಂಡರು. ಅರ್ಧ ನೆಲದೊಳಗೆ ಇಳಿದ ಕೋಣೆ, ಎರಡಡಿ ದಪ್ಪ ಕಲ್ಲುಗೋಡೆ, ಕಿಟಕಿಯಿಂದ ಕಾಣುವುದು ರಸ್ತೆಯವರ ಪಾದ ಮಾತ್ರ. ಇವತ್ತು ಆ್ಯಪಿನ ಮಹಾರಾಯ್ತಿ ಸಕ್ಕರೆಯಂಥ ದನಿಯಲ್ಲಿ ಉಲಿದಳು: “ಅಭಿನಂದನೆಗಳು! ನಿಮ್ಮ ಮನೆ ಸಾರ್ವಜನಿಕ ತಂಪುಕೋಣೆಯಾಗಿ ಆಯ್ಕೆಯಾಗಿದೆ. ಬುಧವಾರದಿಂದ ನಿಮಗೆ ನಾಲ್ವರು ಅತಿಥಿಗಳು.”

ನನಗೆ ಜೂನ್ ಒಳಗೆ ಒಂದು ಲೈಬ್ರರಿಯ ನೂರಿಪ್ಪತ್ತು ಹರಕು ಪುಸ್ತಕ ಬೈಂಡ್ ಮಾಡಿ ಕೊಡಬೇಕಿದೆ. ಅದು ಬಹುಶಃ ನನ್ನ ಕೊನೆಯ ಆರ್ಡರು. ಅತಿಥಿಗಳಂತೆ.

ಏಪ್ರಿಲ್ ೫, ಬುಧವಾರ

ಮೊದಲು ಪಾದಗಳು ಬಂದವು, ಆಮೇಲೆ ಮನುಷ್ಯರು.

ಸವೆದ ಬೂಟು: ಪಾರ್ಸೆಲ್ ಹಂಚುವವನು, ಮೂರು ಮಕ್ಕಳ ತಂದೆ. ನಮಸ್ಕಾರ ಎಂದವನೇ ರಟ್ಟಿನ ಕಟ್ಟಿಗೆ ಒರಗಿ ನಿದ್ದೆ ಹೋದ. ಗೊರಕೆಗೆ ಕಿಟಕಿಯ ಗಾಜು ಅಲುಗುತ್ತದೆ. ಸಿಮೆಂಟು ಮೆತ್ತಿದ ಚಪ್ಪಲಿ: ಗಾರೆ ಕೆಲಸದ ಹೆಂಗಸು, ನಲವತ್ತರ ಆಸುಪಾಸು. ಬಂದ ಕೂಡಲೇ ನನ್ನ ಗೋಡೆ ತಟ್ಟಿ ನೋಡಿ, “ಕಟ್ಟಿದವನು ಮೋಸ ಮಾಡಿಲ್ಲ” ಎಂದಳು, ನಾನೇನೋ ಕೇಳಿದ್ದೆ ಎನ್ನುವ ಹಾಗೆ. ಪಾಲಿಶ್ ಹಾಕಿದ ಶೂ: ನಿವೃತ್ತ ಗಣಿತದ ಮೇಷ್ಟ್ರು, ಎಪ್ಪತ್ತಾರು. ನನ್ನ ಗಡಿಯಾರ ನಾಲ್ಕು ನಿಮಿಷ ಹಿಂದಿದೆಯಂತೆ. ಕೊನೆಗೆ ಕಪ್ಪು ಸ್ಯಾಂಡಲ್: ಬಸ್ ಡ್ರೈವರ್. ಈಗ ಬಸ್ಸು ತಾನೇ ಓಡುತ್ತದೆ. ಜನಕ್ಕೆ ಧೈರ್ಯ ಇರಲಿ ಎಂದು ಇವನನ್ನು ಮುಂದೆ ಕೂರಿಸಿದ್ದಾರೆ. ಮಾತಿನ ಮಧ್ಯೆ ಅವನ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತದೆ.

ನಾಲ್ಕು ಗಂಟೆ ಒಂದು ಪುಟವನ್ನೂ ಹೊಲಿಯಲಾಗಲಿಲ್ಲ. ಮೇಲಿನಿಂದ ಕುರ್ಚಿ ಎಳೆಯುವ ಸದ್ದು, ಬಕೆಟ್ಟಿಗೆ ನೀರು ಬಿಡುವ ಸದ್ದು. ಮಹಾರಾಣಿ ಎಲ್ಲಿಗೂ ಹೋಗಿಲ್ಲ. ತಗಡಿನ ಸೂರಿನಡಿ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿರಬೇಕು. ಎಲ್ಲರ ಹಾಗೆ ಯಾವುದಾದರೂ ತಂಪುಕೋಣೆಗೆ ಹೋದರೆ ಕಿರೀಟ ಬಿದ್ದುಹೋಗುತ್ತದೆಯೇ?

ಏಪ್ರಿಲ್ ೧೧, ಮಂಗಳವಾರ

ನಿಯಮಾವಳಿ ಪೂರ್ತಿ ಓದಿದೆ. ಬೆಳಕು ಕಂಡಿತು. ಅತಿಥಿಗಳು ದಿನವೂ ಕೋಣೆಗೆ ನಕ್ಷತ್ರ ಕೊಡುತ್ತಾರೆ, ಐದರಲ್ಲಿ ಇಷ್ಟು ಎಂದು. ಪ್ರತಿ ತಿಂಗಳ ಎರಡನೇ ವಾರ ಲೆಕ್ಕ ಹಾಕಿ, ಸರಾಸರಿ ಎರಡಕ್ಕಿಂತ ಕಡಿಮೆ ಬಂದ ಕೋಣೆಯನ್ನು ಸಾರ್ವಜನಿಕರ ಪಟ್ಟಿಯಿಂದ ತೆಗೆಯುತ್ತಾರೆ. ಕೋಣೆ ಆಮೇಲೆ ಮನೆಯವರಿಗಷ್ಟೇ.

ಅಂದರೆ ನನಗೆ ಬೇಕಿರುವುದು ಕೆಟ್ಟ ಹೆಸರು. ಅದಕ್ಕೇನು ಬರ?

ಹನ್ನೆರಡಕ್ಕೆ ಸರಿಯಾಗಿ ಹಳೇ ಸರೇಸು ಕಾಯಿಸಲು ಇಟ್ಟೆ. ಚರ್ಮ ಮೂಳೆ ಕುದಿಸಿ ಮಾಡುವ ಈ ಅಂಟಿನ ವಾಸನೆಗೆ ನಮ್ಮಪ್ಪನ ಕಾಲದಲ್ಲಿ ಪಕ್ಕದ ಮನೆಯವರು ಮನೆ ಖಾಲಿ ಮಾಡಿದ್ದುಂಟು. ಪಾರ್ಸೆಲ್ ಮಗ್ಗುಲು ಬದಲಿಸಿದ. ಗಾರೆಯಮ್ಮ, “ನಮ್ಮ ಸೈಟಲ್ಲಿ ಇದಕ್ಕಿಂತ ಜೋರು ಬರುತ್ತೆ” ಎಂದಳು. ಡ್ರೈವರ್ ಕಿಟಕಿ ತೆರೆಯಲೇ ಎಂದು ಕೇಳಿ, ಬೇಡವೆಂದರೆ ಸುಮ್ಮನೆ ಕೂತ. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿ ಮೂಗು ಅರಳಿಸಿ, “ಆಹಾ, ಒಂದನೇ ಕ್ಲಾಸಿನ ಪುಸ್ತಕದ ವಾಸನೆ!” ಎಂದು ಕಣ್ಣೊರೆಸಿಕೊಂಡರು.

ನಾಲ್ವರೂ ಐದೈದು ನಕ್ಷತ್ರ. ನನಗೇ ತಲೆನೋವು.

ಏಪ್ರಿಲ್ ೧೩, ಗುರುವಾರ

ಸುತ್ತಿ ಬಳಸುವುದು ಬಿಟ್ಟು ನೇರವಾಗಿ ಕೇಳಿದೆ.

“ನೋಡಿ, ನಿಮ್ಮ ಮೇಲೆ ನನಗೇನೂ ದ್ವೇಷ ಇಲ್ಲ. ಆದ್ರೆ ನನಗೆ ಕೆಲಸ ಇದೆ. ನಾಲ್ಕೂ ಜನ ದಿನಾ ಒಂದೊಂದೇ ನಕ್ಷತ್ರ ಕೊಟ್ಟುಬಿಡಿ. ಎರಡು ಮಾತು ಬೈದೂ ಬರೀರಿ.”

“ಬೈಯೋದಾ?” ಎಂದ ಡ್ರೈವರ್. “ನಿಮ್ಮನ್ನಾ?”

“ಹ್ಞೂಂ. ಧಾರಾಳವಾಗಿ.”

“ಅಮ್ಮ ಬಾಯಿಬಿಟ್ಟು ಕೇಳ್ತಿದ್ದಾರೆ, ಮಾಡಿದ್ರಾಯ್ತು” ಎಂದಳು ಗಾರೆಯಮ್ಮ. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, “ಬರೆಯೋದಾದ್ರೆ ವ್ಯಾಕರಣಬದ್ಧವಾಗಿ ಬರೆಯೋಣ” ಎಂದರು. ಪಾರ್ಸೆಲ್ ನಿದ್ದೆಯಲ್ಲೇ ಒಪ್ಪಿಕೊಂಡ. ಒಳ್ಳೆಯ ಜನ. ಇಷ್ಟು ಸುಲಭ ಎಂದು ಗೊತ್ತಿದ್ದರೆ ಸರೇಸು ಉಳಿಯುತ್ತಿತ್ತು.

ಏಪ್ರಿಲ್ ೧೭, ಸೋಮವಾರ

ಹೇಗೂ ಹೊರಡುವ ತನಕ ಇಲ್ಲೇ ಬಿದ್ದಿರುತ್ತಾರೆ, ಕೈಗೆ ಕೆಲಸವಾದರೂ ಕೊಡೋಣ ಎಂದು ಲೈಬ್ರರಿಯ ಪುಸ್ತಕ ಮುಂದಿಟ್ಟೆ. ಗಾರೆಯಮ್ಮನಿಗೆ ಅಂಟು ಬಳಿಯಲು ಹೇಳಿದೆ. ಕುಂಚ ಹಿಡಿದಳು ನೋಡಿ, ಮೂಲೆಯಿಂದ ಮೂಲೆಗೆ ಒಂದೇ ಹದ, ಒಂದು ಗುಳ್ಳೆ ಇಲ್ಲ. ನನಗೆ ಅದು ಕೈಗೂಡಲು ಎರಡು ವರ್ಷ ಬೇಕಾಗಿತ್ತು. ಹೊಗಳಲಿಲ್ಲ. ಮೇಷ್ಟ್ರು ಪುಟಸಂಖ್ಯೆ ಎಣಿಸಿ ಜೋಡಿಸುತ್ತಾರೆ, ಮಧ್ಯೆ ಒಂದು ಪುಟ ಕಾಣೆಯಾಗಿದ್ದರೆ ಸ್ವಂತ ಹಲ್ಲು ಬಿದ್ದಷ್ಟು ಸಂಕಟಪಡುತ್ತಾರೆ.

ಡ್ರೈವರ್‌ಗೆ ಹೊಲಿಗೆ ಕೊಟ್ಟೆ. “ಕೈಗೆ ಕೆಲಸ ಇಲ್ದೆ ಎರಡು ವರ್ಷ ಆಯ್ತಮ್ಮ” ಎಂದ, ಸೂಜಿ ನೋಡುತ್ತ. ನಾಲ್ಕರ ಸೈರನ್ ಕೂಗಿದರೂ ಗಂಟು ಹಾಕದೆ ಏಳಲಿಲ್ಲ. ಅವನ ಬಲಗಾಲು ಇವತ್ತು ಬ್ರೇಕ್ ಒತ್ತಲಿಲ್ಲ ಎಂದು ಈಗ ಬರೆಯುವಾಗ ನೆನಪಾಗುತ್ತಿದೆ.

ಏಪ್ರಿಲ್ ೨೧, ಶುಕ್ರವಾರ

ಗಾರೆಯಮ್ಮ ಸೂರಿನ ಕಡೆ ನೋಡಿ ಕೇಳಿದಳು, “ಮೇಲೆ ಯಾರಿದ್ದಾರಮ್ಮ?”

“ಯಾರೂ ಇಲ್ಲ.”

“ಕುರ್ಚಿ ಎಳೆದ ಹಾಗಾಯ್ತಲ್ಲ?”

“ಇಲಿ.”

ಸುಳ್ಳು. ಇರಲಿ. ಇಲಿಗೂ ನನ್ನ ತಂಗಿಗೂ ಕಾಗದದ ಮೇಲೆ ಇರುವ ಪ್ರೀತಿ ಒಂದೇ ಥರದ್ದು.

ಏಪ್ರಿಲ್ ೨೮, ಶುಕ್ರವಾರ

ಎಂಬತ್ತೊಂದು ಪುಸ್ತಕ ಮುಗಿದವು! ಒಬ್ಬಳೇ ಆಗಿದ್ದರೆ ಮೂವತ್ತೂ ದಾಟುತ್ತಿರಲಿಲ್ಲ. ಪಾರ್ಸೆಲ್ ಕೂಡ ಎದ್ದಿದ್ದಾನೆ, ಅವನಿಗೆ ಪುಸ್ತಕ ಒತ್ತುವ ಪ್ರೆಸ್ಸಿನ ಚಕ್ರ ತಿರುಗಿಸುವುದೆಂದರೆ ಪ್ರಾಣ. ಎಲ್ಲರಿಗೂ ಒಂದೊಂದು ಲೋಟ ಟೀ ಕೊಟ್ಟೆ. ಸುಮ್ಮನೆ, ಹಾಲು ಕೆಡುತ್ತಿತ್ತು ಅಂತ.

ಇವತ್ತು ದೊಡ್ಡ ವಾಗ್ವಾದ. ಬಸ್ಸು ತಾನೇ ಓಡುವ ಕಾಲದಲ್ಲಿ ಡ್ರೈವರನಿಗೆ ಬಸ್ಸಿನಲ್ಲಿ ಏನು ಕೆಲಸ ಎಂದು ಮೇಷ್ಟ್ರು ಕೆಣಕಿದರು. “ಮುದುಕರು ಹತ್ತೋವಾಗ ಕಾಯ್ತೀನಿ. ಬಸ್ಸು ಹನ್ನೊಂದು ಸೆಕೆಂಡು ಅಂತ ಲೆಕ್ಕ ಹಾಕಿ ಬಾಗಿಲು ಮುಚ್ಚುತ್ತೆ. ನಾನು ಕಾಲು ಅಡ್ಡ ಇಡ್ತೀನಿ” ಎಂದ ಡ್ರೈವರ್. “ಹಾಗಾದ್ರೆ ಸಂಬಳ ಕಾಲಿಗೆ ಬರಬೇಕು” ಎಂದಳು ಗಾರೆಯಮ್ಮ. ನಾನು ನಕ್ಕು ನಕ್ಕು ಸೂಜಿ ಕೈಗೆ ಚುಚ್ಚಿಕೊಂಡೆ. ಗಡಿಯಾರವನ್ನೂ ನಾಲ್ಕು ನಿಮಿಷ ಮುಂದಕ್ಕೆ ಇಟ್ಟೆ, ಮೇಷ್ಟ್ರ ಗೊಣಗಾಟ ತಾಳಲಾರದೆ.

ಮೇ ೨, ಮಂಗಳವಾರ

ಹೊರಗೆ ನಲವತ್ತಾರು. ಕಿಟಕಿಯಲ್ಲಿ ಪಾದಗಳೇ ಇಲ್ಲ. ಒಳಗೆ ತೊಂಬತ್ತಾರನೇ ಪುಸ್ತಕ.

ಮೇ ೮, ಸೋಮವಾರ

ಸೈರನ್ ಕೂಗಿತು. ಐದು ಲೋಟ ತೊಳೆದು ಇಟ್ಟಿದ್ದೆ. ಯಾರೂ ಬರಲಿಲ್ಲ.

ಹನ್ನೆರಡು ಕಾಲಿಗೆ ಮಹಾರಾಯ್ತಿ ಉಲಿದಳು: “ವಿಷಾದದಿಂದ ತಿಳಿಸುತ್ತೇವೆ. ಅತಿಥಿಗಳ ಅಭಿಪ್ರಾಯದ ಮೇರೆಗೆ ನಿಮ್ಮ ಕೋಣೆಯನ್ನು ಸಾರ್ವಜನಿಕರ ಪಟ್ಟಿಯಿಂದ ತೆಗೆಯಲಾಗಿದೆ. ಅರವತ್ತು ದಿನದ ನಂತರ ಮರುಅರ್ಜಿ ಸಲ್ಲಿಸಬಹುದು.” ಕೆಳಗೆ ಅಭಿಪ್ರಾಯಗಳ ಪಟ್ಟಿ. ಓದಿದೆ. ‘ಮಾಲೀಕರ ಮುಖಭಾವವು ಹವಾಮಾನಕ್ಕಿಂತ ಕಠೋರವಾಗಿರುತ್ತದೆ.’ ಇದು ಮೇಷ್ಟ್ರು, ಪೂರ್ಣವಿರಾಮದ ಸಮೇತ. ‘ಗೋಡೆ ಒಳ್ಳೇದು, ಹೆಂಗಸು ಅಲ್ಲ.’ ಗಾರೆಯಮ್ಮ. ‘ನಿದ್ದೆ ಮಾಡೋಕೆ ಬಿಡಲ್ಲ ಚಕ್ರ ತಿರುಗಿಸು ಅಂತಾರೆ.’ ಡ್ರೈವರ್ ಮಾತ್ರ ದಿನವೂ ಒಂದೇ ಸಾಲು: ‘ಕ್ಷಮಿಸಿ, ಬೈಯಲು ಹೇಳಿದ್ದಾರೆ, ಒಂದು ನಕ್ಷತ್ರ.’

ಇಪ್ಪತ್ತೈದು ದಿನ, ಒಂದು ದಿನ ತಪ್ಪದೆ ಬೈದಿದ್ದಾರೆ. ನನ್ನ ಟೀ ಕುಡಿದು, ಎದ್ದು ಹೋಗಿ, ನನ್ನ ಮಾತು ನಡೆಸಿದ್ದಾರೆ. ಬೇಡ ಎಂದು ಹೇಳುವುದು ನನಗೆ ನೆನಪೇ ಆಗಲಿಲ್ಲ. ಅಳು ಬಂತು, ನಗುವೂ ಬಂತು, ಯಾವುದಕ್ಕೆ ಮೊದಲು ಜಾಗ ಕೊಡಬೇಕೋ ತಿಳಿಯಲಿಲ್ಲ.

ಬೇಕು ಎಂದಿದ್ದು ಸಿಕ್ಕಿತು. ಎಂಥ ಪ್ರಶಾಂತತೆ! ಒಂದು ಪುಸ್ತಕವೂ ಹೊಲಿಯಲಿಲ್ಲ.

ಮೇ ೯, ಮಂಗಳವಾರ

ಅಕ್ಷರ ಹೇಗೆ ಬಂದರೆ ಹಾಗೆ ಬರೆಯುತ್ತಿದ್ದೇನೆ.

ಇವತ್ತೂ ನಾನೊಬ್ಬಳೇ. ಗೊರಕೆ ಇಲ್ಲ, ವಾಗ್ವಾದ ಇಲ್ಲ. ಹಾಗಾಗಿ ಮೇಲಿನ ಸದ್ದೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಕುರ್ಚಿ ಎಳೆದಳು. ನೀರು ಬಿಟ್ಟಳು. ಒಂದು ಗಂಟೆಯ ಹೊತ್ತಿಗೆ ಬಕೆಟ್ಟು ದಡ್ಡನೆ ಉರುಳಿತು. ಮೆಟ್ಟಿಲ ಮೇಲೆ ನೀರು ಇಳಿದು ಬಂತು. ಬೈಯುತ್ತ ಬಕೆಟ್ಟು ಎತ್ತುತ್ತಾಳೆ ಎಂದು ಕಾದೆ. ಎತ್ತಲಿಲ್ಲ. ನೀರು ಇಳಿಯುತ್ತಲೇ ಇತ್ತು.

ಆರು ವರ್ಷದ ಮೇಲೆ ಆ ಹದಿನೆಂಟು ಮೆಟ್ಟಿಲು ಹತ್ತಿದೆ. ಹತ್ತನೇ ಮೆಟ್ಟಿಲಿನಿಂದಲೇ ಮುಖಕ್ಕೆ ಝಳ ಹೊಡೆಯಿತು. ಅವಳು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ತಲೆಯ ಮೇಲೆ ಒದ್ದೆ ಟವೆಲ್ಲು, ಮುಖ ಕೆಂಪಗೆ, ಕಣ್ಣು ಎಲ್ಲೋ. ಮೈ ಸುಡುತ್ತಿತ್ತು. ನನ್ನನ್ನು ನೋಡಿ, “ಚಪ್ಪಲಿ ಹೊರಗೆ ಬಿಡು” ಎಂದಳು. ಬದುಕಿದ್ದಾಳೆ ಎಂದು ಗೊತ್ತಾಯಿತು.

ಹೇಗೆ ಇಳಿಸಿದೆನೋ ದೇವರಿಗೇ ಗೊತ್ತು. ಒಂದೊಂದು ಮೆಟ್ಟಿಲಿಗೂ ಕೂರಿಸಿ, ಎಬ್ಬಿಸಿ, ಕೂರಿಸಿ. ರಟ್ಟಿನ ಕಟ್ಟಿನ ಮೇಲೆ ಮಲಗಿಸಿ, ಕತ್ತಿಗೆ ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು, ಉಪ್ಪು ಸಕ್ಕರೆ ನೀರು ಚಮಚದಲ್ಲಿ ಕುಡಿಸಿದೆ. ಫೋನಿನಲ್ಲಿ ಸಿಕ್ಕ ನರ್ಸು ಹೇಳಿದ್ದೆಲ್ಲ ಮಾಡಿದೆ. ಮೂರರ ಹೊತ್ತಿಗೆ ಕಣ್ಣು ನೆಟ್ಟಗಾಯಿತು.

“ಯಾವ್ದಾದ್ರೂ ತಂಪುಕೋಣೆಗೆ ಹೋಗೋಕೆ ಏನಾಗಿತ್ತೇ ನಿನಗೆ? ಸಾಯೋಕೆ ಹೊರಟಿದ್ಯಾ?” ಎಂದು ಕೂಗಿದೆ.

ಅವಳು ಫೋನು ನನ್ನ ಕಡೆ ತಿರುಗಿಸಿದಳು. ಪರದೆಯಲ್ಲಿ: ‘ಮನೆ ಸಂಖ್ಯೆ ೧೭. ನಿಮಗೆ ನಿಗದಿಯಾದ ತಂಪುಕೋಣೆ: ನಿಮ್ಮ ಮನೆಯೇ. ದಯವಿಟ್ಟು ಒಳಗೇ ಇರಿ.’

ಒಂದೇ ನಂಬರು. ಅವಳ ತಗಡಿನ ಸೂರಿಗೂ ನನ್ನ ನೆಲಮಾಳಿಗೆಗೂ ಒಂದೇ ನಂಬರು. ಆ ಮಹಾರಾಯ್ತಿಯ ಲೆಕ್ಕದಲ್ಲಿ ನನ್ನ ತಂಗಿ ಏಪ್ರಿಲ್‌ನಿಂದ ನನ್ನ ಕೋಣೆಯಲ್ಲೇ ತಣ್ಣಗೆ ಕೂತಿದ್ದಾಳೆ.

“ಕೆಳಗೆ ಬರಬಾರದಿತ್ತಾ?”

“ನೀನು ಕರೀಬಾರದಿತ್ತಾ? ಕಂಡೋರನ್ನೆಲ್ಲ ಕೂರಿಸಿಕೊಂಡು ನಗ್ತಿದ್ದೆ. ಮೇಲೆ ಕೇಳಿಸ್ತಿತ್ತು.”

ಇಲಿ ಎಂದಿದ್ದೆ ಅವಳನ್ನು. ನನಗೆ ನಾಚಿಕೆಯಾಯಿತು, ಅಷ್ಟೇ.

ಮೇ ೧೧, ಗುರುವಾರ

ತಂಗಿ ಚೇತರಿಸಿಕೊಂಡಿದ್ದಾಳೆ. ಸಾಕ್ಷಿ: ನನ್ನ ಕೋಣೆಯ ಒಂದೊಂದು ವಸ್ತುವಿನಲ್ಲೂ ಹುಳುಕು ಹುಡುಕಿದ್ದಾಳೆ.

ಬೆಳಗ್ಗೆ ಏಳಕ್ಕೆ ನಾಲ್ವರೂ ಬಂದರು, ಕೆಲಸಕ್ಕೆ ಹೋಗುವ ಮೊದಲು. ಅವರನ್ನು ಸೇತುವೆಯಾಚೆಯ ದೊಡ್ಡ ಶೆಡ್ಡಿಗೆ ಹಾಕಿದ್ದಾರಂತೆ. ಮುನ್ನೂರು ಜನ, ಕಿವಿ ಹರಿಯುವ ಫ್ಯಾನು, ಕೂರಲು ಜಾಗವಿಲ್ಲ. “ನಿದ್ದೆ ಬರಲ್ಲಮ್ಮ” ಎಂದ ಪಾರ್ಸೆಲ್, ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ದುಃಖದ ಮಾತಿಲ್ಲ. ಮೇಷ್ಟ್ರು ನಡೆದು ಹೋಗುವಷ್ಟರಲ್ಲಿ ನಿನ್ನೆ ಎರಡು ಕಡೆ ಕೂತರಂತೆ. ಅದನ್ನು ಅವರು ಹೇಳಲಿಲ್ಲ, ಡ್ರೈವರ್ ಹೇಳಿದ.

“ನಾವು ಚೆನ್ನಾಗಿ ಬೈದಿಲ್ವಾ ಅಮ್ಮ?” ಎಂದಳು ಗಾರೆಯಮ್ಮ. “ಇಷ್ಟು ಬೇಗ ತೆಗೀತಾರೆ ಅಂತ ಗೊತ್ತಿರಲಿಲ್ಲ.”

“ಬೈದಿದ್ದು ಜಾಸ್ತಿಯಾಯ್ತು. ತಪ್ಪು ನಂದೇ” ಎಂದೆ. ಈ ಎರಡು ವಾಕ್ಯ ಒಟ್ಟಿಗೆ ನನ್ನ ಬಾಯಿಂದ ಬಂದದ್ದು ಕೇಳಿ ತಂಗಿ ಟೀ ನೆತ್ತಿಗೇರಿಸಿಕೊಂಡಳು.

ಆಮೇಲೆ ಕೆಮ್ಮು ನಿಲ್ಲಿಸಿ, ಮೂವತ್ತು ವರ್ಷ ಕಚೇರಿಯಲ್ಲಿ ಅರ್ಜಿ ತಿರುಗಿಸಿದ ದನಿಯಲ್ಲಿ ಕೇಳಿದಳು, “ಈಗ ಕೋಣೆ ಯಾರಿಗೆ ಸೇರಿದ್ದು?”

“ಮನೆಯವರಿಗೆ ಮಾತ್ರ.”

“ಮನೆಯವರು ಅಂದ್ರೆ ಯಾರು ಅಂತ ಅದಕ್ಕೆ ಹೇಗೆ ಗೊತ್ತು?”

ಎಲ್ಲರೂ ಅವಳ ಮುಖ ನೋಡಿದೆವು.

“ಒಂದೇ ಮನೆ ನಂಬರು ಇದ್ರೆ ಸಾಕು. ಒಂದೇ ನಂಬರು ಅಂತ ತಾನೇ ನನ್ನನ್ನ ಒಂದು ತಿಂಗಳು ಸುಟ್ಟಿದ್ದು? ಅದೇ ನಂಬರಲ್ಲಿ ಇವರೂ ಬರಲಿ.”

ಆರು ವರ್ಷದಿಂದ ಇವಳ ಜೊತೆ ಮಾತು ಬಿಟ್ಟು ನಾನು ಎಷ್ಟು ಕಳಕೊಂಡೆ!

ಮೇ ೧೨, ಶುಕ್ರವಾರ

ನಾಲ್ವರೂ ವಿಳಾಸ ಬದಲಿಸಿ ಹದಿನೇಳು ಎಂದು ಹಾಕಿದರು. ಅಷ್ಟಕ್ಕೇ ಬಿಡಲಿಲ್ಲ ಮಹಾರಾಯ್ತಿ. ‘ಮನೆಯ ಮುಖ್ಯಸ್ಥರೊಂದಿಗೆ ಸಂಬಂಧ?’ ಎಂದು ಕೇಳಿದಳು. ಮುಖ್ಯಸ್ಥೆ ನಾನು. ಶುರುವಾಯಿತು ನೋಡಿ.

“ಮೇಷ್ಟ್ರನ್ನ ಚಿಕ್ಕಪ್ಪ ಅಂತ ಹಾಕೋಣ” ಎಂದೆ.

“ಚಿಕ್ಕಪ್ಪ ಅಂದ್ರೆ ವಯಸ್ಸಾದ ಹಾಗೆ ಕಾಣುತ್ತೆ. ಅಣ್ಣ ಅಂತ ಹಾಕಿ” ಎಂದರು ಎಪ್ಪತ್ತಾರರ ಮೇಷ್ಟ್ರು. ಪಾರ್ಸೆಲ್‌ನನ್ನು ಅಳಿಯ ಎನ್ನೋಣವೆಂದರೆ, “ಮಗಳೆಲ್ಲಿ ಅಂತ ಕೇಳ್ತಾರೆ” ಎಂದಳು ತಂಗಿ. ಕೊನೆಗೆ ಅವನು ತಂಗಿಯ ಮಗನಾದ. ಮದುವೆಯಾಗದ ತಂಗಿ ಒಂದು ಕ್ಷಣ ಯೋಚಿಸಿ, “ಸಾಕು ಮಗ ಅಂತ ಬರೀರಿ, ತೂಕಡಿಸೋ ಮಗ ಅಂತ ಬೇಡ” ಎಂದಳು. ಗಾರೆಯಮ್ಮ ತಾನೇ ಸೋದರತ್ತೆಯ ಮಗಳು ಎಂದು ಒತ್ತಿಬಿಟ್ಟಳು. ಅತ್ತೆ ಮಗಳೆಂದರೆ ನನ್ನನ್ನು ಹಂಗಿಸುವ ಹಕ್ಕು ಹುಟ್ಟಿನಿಂದಲೇ ಬರುತ್ತದಂತೆ.

ಉಳಿದವನು ಡ್ರೈವರ್. ತಂಗಿ ಮುಗುಮ್ಮಾಗಿ ಕೂತು, “ಇವರು ಭಾವ ಆಗಲಿ” ಎಂದಳು.

“ಯಾರಿಗೆ ಭಾವ?” ಎಂದೆ.

“ನನಗೆ.”

ಅವಳಿಗೆ ಭಾವನಾದರೆ ನನಗೆ ಏನಾಗಬೇಕು ಎಂದು ಎಲ್ಲರ ತಲೆಗೆ ಹೋಗಲು ಎರಡು ಕ್ಷಣ ಹಿಡಿಯಿತು. ಡ್ರೈವರನ ಬಲಗಾಲು ಜೋರಾಗಿ ಬ್ರೇಕ್ ಒತ್ತಿತು. ನಾನು ತಂಗಿಯ ಕಡೆ ದಾರದುಂಡೆ ಎಸೆದೆ. ದೊಡ್ಡಮ್ಮನ ಮಗ ಎಂದು ಹಾಕಿದೆವು.

ಹನ್ನೆರಡಕ್ಕೆ ನಾಲ್ಕೂ ಫೋನು ಒಟ್ಟಿಗೆ ಉಲಿದವು: “ನಿಮಗೆ ನಿಗದಿಯಾದ ತಂಪುಕೋಣೆ: ನಿಮ್ಮ ಮನೆಯೇ.” ಯಾರೂ ನಗಲಿಲ್ಲ. ನೂರಾಒಂದನೇ ಪುಸ್ತಕ ತೆಗೆದುಕೊಂಡೆವು.

ಮೇ ೧೭, ಬುಧವಾರ

ಗ್ರಹಚಾರ. ಒಂದೇ ದಿನ ನಾಲ್ಕು ಜನ ಕುಟುಂಬ ಸೇರಿದ ಮನೆಯನ್ನು ಖುದ್ದು ನೋಡಲು ವಾರ್ಡಿನ ತಪಾಸಣೆಯವರು ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಬಂದರು, ನಾಲ್ವರೂ ಆಗಷ್ಟೇ ಬಂದು ಕೆಲಸಕ್ಕೆ ಕೂತಿದ್ದರು. ಐವತ್ತು ದಾಟಿದ ಮನುಷ್ಯ, ಬೆವರಿನಲ್ಲಿ ಮಿಂದಿದ್ದರು. ಸುಳ್ಳೆಂದು ಗೊತ್ತಾದರೆ ಎಲ್ಲರ ಹೆಸರೂ ಹೋಗುತ್ತದೆ, ಕೋಣೆಗೆ ಬೀಗ ಬೀಳುತ್ತದೆ, ತಂಗಿ ಮತ್ತೆ ತಗಡಿನಡಿಗೆ.

ಟ್ಯಾಬ್ಲೆಟ್ ತೆರೆದು ಕೇಳಿದರು, “ಇವರು ನಾಲ್ವರೂ ಹೋದ ತಿಂಗಳು ನಿಮ್ಮ ಅತಿಥಿಗಳಾಗಿದ್ರು. ಈಗ ಹೇಗೆ ಸಂಬಂಧಿಕರಾದ್ರು?”

“ದೂರ ಇದ್ರು. ಹತ್ತಿರ ಆದ್ರು” ಎಂದಳು ತಂಗಿ.

“ಅದು ಹೇಗಮ್ಮ ನಂಬೋದು? ಇಲ್ಲಿ ನೋಡಿ, ‘ಮುಖಭಾವವು ಹವಾಮಾನಕ್ಕಿಂತ ಕಠೋರ’ ಅಂತ ಬರೆದಿದ್ದಾರೆ ಇವರು. ‘ಗೋಡೆ ಒಳ್ಳೇದು, ಹೆಂಗಸು ಅಲ್ಲ’ ಅಂತ ಇವರು. ಇಪ್ಪತ್ತೈದು ದಿನ ಇಷ್ಟೊಂದು ಬೈದವರು ನಿಮ್ಮ ಮನೆಯವರಾ?”

ಮುಗಿಯಿತು ಎಂದುಕೊಂಡೆ. ಆಗ ಗಾರೆಯಮ್ಮ ಅಂಟಿನ ಕುಂಚ ಕೆಳಗಿಟ್ಟು ಹೇಳಿದಳು, “ಸಾರ್, ಇಪ್ಪತ್ತೈದು ದಿನ ಬೈದು, ಇಪ್ಪತ್ತಾರನೇ ದಿನ ಮತ್ತೆ ಅದೇ ಬಾಗಿಲಿಗೆ ಬರೋರು ಮನೆಯವರಲ್ದೆ ಇನ್ಯಾರು?”

ಅವರು ಬಾಯಿ ತೆರೆದರು. ಅಷ್ಟರಲ್ಲಿ ಟ್ಯಾಬ್ಲೆಟ್ ಕಪ್ಪಾಯಿತು. ‘ಸಾಧನ ಬಿಸಿಯಾಗಿದೆ. ತಣ್ಣಗಾಗುವವರೆಗೆ ಕಾಯಿರಿ.’ ಹಿಂದೆಯೇ ಸೈರನ್. ಇನ್ನು ನಾಲ್ಕರವರೆಗೆ ಅವರೂ ಹೊರಗೆ ಹೋಗುವಂತಿಲ್ಲ. ಪಾರ್ಸೆಲ್ ಟ್ಯಾಬ್ಲೆಟ್ಟನ್ನು ಮಗುವಿನ ಹಾಗೆ ಎತ್ತಿಕೊಂಡು ಕಲ್ಲುನೆಲದ ಮೇಲೆ ಮಲಗಿಸಿದ. ನಾನು ಟೀ ಕೊಟ್ಟೆ. ಸಕ್ಕರೆ ಜಾಸ್ತಿ ಎಂದು ತಂಗಿ ಗದರಿದಳು, ನಿನಗಲ್ಲ ಎಂದು ನಾನು ಗದರಿದೆ, ನಡುವೆ ಬಾಯಿ ಹಾಕಿದ ಮೇಷ್ಟ್ರನ್ನು ಇಬ್ಬರೂ ಗದರಿದೆವು. ತಪಾಸಣೆಯವರು ಒಬ್ಬೊಬ್ಬರನ್ನೂ ನೋಡುತ್ತ ಕೂತರು. ಎರಡನೇ ಲೋಟ ಕೇಳಿದರು.

ಮೂರಕ್ಕೆ ಅವರೇ, “ವರದಿ ಬರೀಬೇಕು, ಇದು ಇನ್ನೂ ತಣ್ಣಗಾಗಿಲ್ಲ. ಕಾಗದ ಏನಾದ್ರೂ ಇದೆಯಾ?” ಎಂದರು. ನಾನೂರು ರಿಜಿಸ್ಟರ್ ಇರುವ ಕೋಣೆಯಲ್ಲಿ! ನಾನು ನಗು ನುಂಗಿಕೊಂಡು ಒಂದು ತರಲು ಎದ್ದೆ. ತಿರುಗಿ ನೋಡುವಷ್ಟರಲ್ಲಿ ಅವರು ಮೇಜಿನ ಮೇಲಿದ್ದ ಪುಸ್ತಕ ಎತ್ತಿಕೊಂಡಿದ್ದರು.

ಇದೇ ಪುಸ್ತಕ. ಎಲ್ಲರಿಗೂ ಹೆಸರಿಟ್ಟು ಬರೆದಿರುವ ಇದೇ ಪುಸ್ತಕ.

ಪುಣ್ಯಕ್ಕೆ ನಡುವಿನಲ್ಲಿ ತೆರೆದರು. ಖಾಲಿ ಪುಟ ಸವರಿ, “ಎಷ್ಟು ವರ್ಷ ಆಯ್ತು ಇಂಥದ್ದು ಮುಟ್ಟಿ” ಎಂದು ಬರೆದರು: ‘ಖುದ್ದು ಪರಿಶೀಲಿಸಿದೆ. ಆರು ಜನರ ಒಂದೇ ಕುಟುಂಬ. ಜಗಳಗಳಿಂದ ದೃಢಪಟ್ಟಿದೆ.’ ಚೀಲದ ತಳದಿಂದ ಹಳೇ ಸೀಲು ಹುಡುಕಿ, ಉಸಿರೂದಿ, ಒತ್ತಿದರು. “ಇದೇ ಪುಸ್ತಕದ ಮೊದಲ ಪುಟದಿಂದ ಮನೆಯವರ ಹಾಜರಿ ಬರೆದಿಡಿ. ಸೋಮವಾರ ತಂದು ತೋರಿಸಿ.”

ಎಲ್ಲರೂ ನಕ್ಕರು. ನನಗೊಬ್ಬಳಿಗೇ ಜೀವ ಬಾಯಿಗೆ ಬಂದಿತ್ತು.

ಮೇ ೨೧, ಭಾನುವಾರ

ಅಪ್ಪನ ಚಾಕು ಮಸೆದು, ನಾನು ಬರೆದ ಹಾಳೆಗಳನ್ನಷ್ಟೇ ಹೊಲಿಗೆ ಬಿಚ್ಚಿ ಹೊರತೆಗೆದೆ. ಉಳಿದದ್ದನ್ನು ಮತ್ತೆ ಹೊಲಿದು ಪ್ರೆಸ್ಸಿಗೆ ಕೊಟ್ಟೆ. ಇದನ್ನು ಬರೆಯುತ್ತಿರುವುದು ತೆಗೆದ ಹಾಳೆಗಳ ಕೊನೆಯ ಪುಟದಲ್ಲಿ. ಇವನ್ನು ಬೇರೆ ಹೊಲಿದು ನಾನೇ ಇಟ್ಟುಕೊಳ್ಳುತ್ತೇನೆ.

ತಂಗಿ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. “ಏನದು?”

“ಹಳೇ ಲೆಕ್ಕ.”

“ನನ್ನ ಬಗ್ಗೆ ಇದೆಯಾ?”

“ಇಲಿಗಳ ಬಗ್ಗೆ ಇದೆ.”

ಪಕ್ಕದ ಬೀದಿಯ ಎರಡು ಮನೆಯವರು ಬಂದು ರಿಜಿಸ್ಟರ್ ಕೇಳಿ ಒಯ್ದರು. ಅವರ ಕುಟುಂಬವೂ ದೊಡ್ಡದಾಗುತ್ತಿದೆಯಂತೆ. ಲೈಬ್ರರಿಯ ಪುಸ್ತಕ ಇನ್ನು ಒಂಬತ್ತು ಬಾಕಿ.

ಹೊಸದಾಗಿ ಮೊದಲನೆಯದಾದ ಪುಟವನ್ನು ತುಂಬಿಸಲು ತಂಗಿಗೇ ಕೊಟ್ಟೆ, ಅವಳ ಕಚೇರಿಯ ಅಕ್ಷರ ಮುತ್ತಿನಂತಿದೆ. ಅದಕ್ಕಾಗಿಯೇ, ಬೇರೇನಿಲ್ಲ. ಅವಳು ಬರೆದು ಮುಗಿಸಿ ಮಲಗಿದ ಮೇಲೆ ತೆರೆದು ನೋಡಿದೆ. ಆರು ಹೆಸರು. ಅವಳದು ಕೊನೆಯಲ್ಲಿ. ಬಂದ ಸಮಯ: ‘ಆರು ವರ್ಷ ತಡ.’ ಉದ್ದೇಶ: ‘ಅಕ್ಕ.’ ಷರಾ: ‘ಟೀಗೆ ಸಕ್ಕರೆ ಜಾಸ್ತಿ.’

ಹೊರಟ ಸಮಯದ ಕಲಮಿನಲ್ಲಿ ಯಾರ ಹೆಸರಿನ ಮುಂದೆಯೂ ಏನೂ ಬರೆದಿಲ್ಲ. ಖಾಲಿಯೂ ಬಿಟ್ಟಿಲ್ಲ. ನನ್ನ ಸ್ಕೇಲನ್ನು ಕೇಳದೆ ತೆಗೆದುಕೊಂಡು, ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಒಂದು ಗೆರೆ ಎಳೆದಿದ್ದಾಳೆ.